ಸಂಜೆ ಬೋಟಿನಿಂದ ಸ್ಯಾನ್ ಫ್ರಾನ್ಸಿಸ್ಕೋ: ಅಪ್ಪ ಅಮ್ಮನಿಗೆ ಕನ್ನಡದಲ್ಲಿ ಹೇಳೋದಕ್ಕೆ

ಜೂನ್ ತಿಂಗಳು ಬಂತು ಅಂದ್ರೆ ಸಾಂಟಾ ಕ್ಲಾರಾದಲ್ಲಿ ನಾವಿರುವ ಅಪಾರ್ಟ್‌ಮೆಂಟುಗಳ ಮೆಟ್ಟಿಲ ಹತ್ತಿರವೇ ಒಗ್ಗರಣೆಯ ವಾಸನೆ ಬದಲಾಗತ್ತೆ. ಪದವಿ ಪ್ರದಾನಕ್ಕೆ ಅಂತ ಯಾರದ್ದಾದರೂ ಅಪ್ಪ ಅಮ್ಮ ಊರಿಂದ ಬಂದಿರ್ತಾರೆ. ಬಂದವರನ್ನು ಎಲ್ಲೆಲ್ಲಿ ಕರ್ಕೊಂಡು ಹೋಗಬೇಕು ಅನ್ನೋ ಪಟ್ಟಿ ನಮ್ಮ ಬಳಗದಲ್ಲಿ ಹೆಚ್ಚುಕಡಿಮೆ ಒಂದೇ: ಲಿವರ್‌ಮೋರ್ ದೇವಸ್ಥಾನ, ಗೂಗಲ್ ಆಫೀಸಿನ ಮುಂದೆ ಒಂದು ಫೋಟೊ, ಗೋಲ್ಡನ್ ಗೇಟ್ ಸೇತುವೆ, ಆಮೇಲೆ ಒಂದು ಸಂಜೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಬೋಟು.

ಬೋಟಿನಲ್ಲಿ ಗೈಡ್ ಇರ್ತಾರೆ, ಇಲ್ಲವೇ ಸ್ಪೀಕರಿನಲ್ಲಿ ರೆಕಾರ್ಡ್ ಮಾಡಿದ ವಿವರಣೆ ಬರತ್ತೆ. ಎರಡೂ ಸಾಮಾನ್ಯವಾಗಿ ಇಂಗ್ಲಿಷಿನಲ್ಲಿ, ಅಮೆರಿಕದ ವೇಗದಲ್ಲಿ, ನಡುನಡುವೆ ಇಲ್ಲಿನವರಿಗೆ ಮಾತ್ರ ನಗು ಬರೋ ಜೋಕುಗಳ ಜೊತೆ. ಅರ್ಧ ಮಾತು ಗಾಳಿಪಾಲು. ಅಮ್ಮ ನಮ್ಮ ಕಡೆ ತಿರುಗಿ "ಏನಂದ್ರು?" ಅಂತ ಕೇಳ್ತಾರೆ. ನಾವು "ಏನಿಲ್ಲಮ್ಮ, ಅದು ಹಳೇ ಜೈಲಂತೆ" ಅಂತೀವಿ. ಇಡೀ ಒಂದು ದಿನ ವಿಮಾನದಲ್ಲಿ ಕೂತು ಬಂದವರಿಗೆ ಇಷ್ಟು ಉತ್ತರ ಸಾಲದು. ಆ ಒಂದೆರಡು ಗಂಟೆಯಲ್ಲಿ ಏನು ಕಾಣತ್ತೆ, ಅದು ಯಾಕೆ ಹಾಗಿದೆ ಅನ್ನೋದನ್ನು ಬೋಟು ಸಾಗೋ ಕ್ರಮದಲ್ಲೇ ಇಲ್ಲಿ ಬರೆದಿದ್ದೀವಿ. ಫೋನಲ್ಲಿ ಇಟ್ಕೊಂಡು ಹೋಗಿ.

ಇದು ಹೊಳೆಯೋ, ಸಮುದ್ರವೋ?

ದೊಡ್ಡವರ ಮೊದಲ ಪ್ರಶ್ನೆ ಇದೇ ಇರತ್ತೆ, ಮತ್ತು ಅದು ಒಳ್ಳೆಯ ಪ್ರಶ್ನೆ. ಶಿಕಾಗೋದಲ್ಲಿ ಓದುವ ಗೆಳೆಯರು ಅಲ್ಲಿನ ನದಿಯಲ್ಲಿ ಬೋಟಿನಲ್ಲಿ ಕೂತು ಎರಡೂ ದಡದ ಕಟ್ಟಡಗಳ ಫೋಟೊ ಕಳಿಸ್ತಾರೆ. ನಮ್ಮಲ್ಲಿ ಅಂಥ ನದಿ ಇಲ್ಲ ಅಂತ ಅನ್ನಿಸಬಹುದು. ಇದೆ, ಆದರೆ ಮುಳುಗಿದೆ. ಹಿಮಯುಗದಲ್ಲಿ ಸಮುದ್ರದ ಮಟ್ಟ ಈಗಿನದಕ್ಕಿಂತ ಸುಮಾರು 120 ಮೀಟರ್ ಕೆಳಗಿತ್ತು. ಆಗ ಕಡಲ ದಂಡೆ ಇದ್ದದ್ದು ಇಲ್ಲಿಂದ ನಲವತ್ತು ಕಿಲೋಮೀಟರಿಗೂ ಆಚೆ, ಫ್ಯಾರಲಾನ್ ದ್ವೀಪಗಳ ಹತ್ತಿರ. ಈಗ ಗೋಲ್ಡನ್ ಗೇಟ್ ಸೇತುವೆ ಇರುವ ಕಣಿವೆಯಲ್ಲಿ ದೊಡ್ಡ ಹೊಳೆಯೊಂದು ಹರಿಯುತ್ತಿತ್ತು. ಹಿಮ ಕರಗಿ ಸಮುದ್ರ ಏರಿದಾಗ ಕಣಿವೆ ತುಂಬಿ ಕೊಲ್ಲಿಯಾಯಿತು. ಇವತ್ತಿಗೂ ಸ್ಯಾಕ್ರಮೆಂಟೊ ಮತ್ತು ಸ್ಯಾನ್ ವಾಕೀನ್ ನದಿಗಳು ಕ್ಯಾಲಿಫೋರ್ನಿಯಾದ ಸುಮಾರು 40 ಪ್ರತಿಶತ ನೆಲದ ನೀರನ್ನು ತಂದು ಸುರಿಯೋದು ಇಲ್ಲಿಗೇ. ನಮ್ಮ ಕರಾವಳಿಯವರಿಗೆ ಒಂದೇ ಪದ ಸಾಕು: ಅಳಿವೆ. ಕಾರವಾರದಲ್ಲಿ ಕಾಳಿ, ಮಂಗಳೂರಲ್ಲಿ ನೇತ್ರಾವತಿ ಸಮುದ್ರ ಸೇರುವ ಜಾಗದ ದೊಡ್ಡಣ್ಣ ಇದು.

ಕೊಲ್ಲಿಯ ಬಹುಪಾಲು ಆಳವಿಲ್ಲ, ಸರಾಸರಿ ನಾಲ್ಕೈದು ಮೀಟರ್ ಅಷ್ಟೇ. ಸೇತುವೆಯ ಕೆಳಗೆ ಮಾತ್ರ ನೂರು ಮೀಟರಿಗೂ ಹೆಚ್ಚು. ಅಷ್ಟು ದೊಡ್ಡ ತಟ್ಟೆಯ ನೀರೆಲ್ಲ ದಿನಕ್ಕೆ ಎರಡು ಸಲ ಆ ಒಂದು ಕಿರಿದಾದ ಬಾಗಿಲಲ್ಲೇ ಒಳಗೆ ಬಂದು ಹೊರಗೆ ಹೋಗಬೇಕು. ಬೋಟು ಸೇತುವೆಯ ಹತ್ತಿರ ಹೋದಾಗ ಜಾಸ್ತಿ ಕುಲುಕೋದಕ್ಕೆ ಅದೂ ಒಂದು ಕಾರಣ. ವಾಂತಿ ಬರೋ ಅಭ್ಯಾಸ ಇರೋರು ಅಷ್ಟು ಹೊತ್ತು ಕೆಳಗಿನ ಡೆಕ್ಕಿನಲ್ಲಿ, ಬೋಟಿನ ಮಧ್ಯದಲ್ಲಿ, ದೂರದ ದಡವನ್ನೇ ನೋಡ್ತಾ ಕೂತರೆ ಒಳ್ಳೇದು.

ಯಾವಾಗ ಹೋಗೋದು, ಏನು ಹಾಕ್ಕೊಳ್ಳೋದು

ನಮ್ಮ ಕಡೆ ಬಿಸಿಲು ಹೆಚ್ಚಾದಷ್ಟೂ ಅಲ್ಲಿ ಚಳಿ ಹೆಚ್ಚು. ಹೇಳಿದ್ರೆ ಯಾರೂ ನಂಬೋದಿಲ್ಲ, ಆದರೆ ಕಾರಣ ಸರಳ. ಬೇಸಿಗೆಯಲ್ಲಿ ತೀರದ ಉದ್ದಕ್ಕೂ ಬೀಸುವ ಗಾಳಿ ಸಮುದ್ರದ ಮೇಲ್ಪದರದ ನೀರನ್ನು ಆಚೆ ತಳ್ಳತ್ತೆ, ಆ ಜಾಗಕ್ಕೆ ಆಳದ ತಣ್ಣನೆ ನೀರು ಮೇಲೆ ಬರತ್ತೆ. ಅದರ ಮೇಲಿನ ತೇವದ ಗಾಳಿ ತಣಿದು ಮಂಜಾಗತ್ತೆ. ಅದೇ ಹೊತ್ತಿಗೆ ಒಳನಾಡಿನ ಸೆಂಟ್ರಲ್ ವ್ಯಾಲಿ ಕಾದು ಅಲ್ಲಿನ ಗಾಳಿ ಮೇಲೇಳತ್ತೆ, ಖಾಲಿಯಾದ ಜಾಗಕ್ಕೆ ಸಮುದ್ರದ ಗಾಳಿಯನ್ನು ಎಳೀತದೆ. ಕರಾವಳಿಯ ಗುಡ್ಡಸಾಲಿನಲ್ಲಿ ಸಮುದ್ರಮಟ್ಟದಲ್ಲೇ ತೆರೆದಿರುವ ಬಾಗಿಲು ಅಂದ್ರೆ ಗೋಲ್ಡನ್ ಗೇಟ್. ಹಾಗಾಗಿ ಜುಲೈ ಮಧ್ಯಾಹ್ನ ಸಾಂಟಾ ಕ್ಲಾರಾದಲ್ಲಿ ಫ್ಯಾನ್ ಹಾಕ್ಕೊಂಡು ಕೂತವರು ಸಂಜೆ ಆ ಬೋಟಿನ ಮೇಲೆ ನಡುಗ್ತಾರೆ. ಅಪ್ಪ ಊರಿಂದ ತಂದ ಮಂಕಿ ಕ್ಯಾಪ್ ನೋಡಿ ನಗಬೇಡಿ, ಅದಕ್ಕೆ ಸರಿಯಾದ ಜಾಗ ಇದೇ. ಅಮ್ಮ ಸೀರೆ ಉಟ್ಟಿದ್ದರೆ ಸ್ವೆಟರ್ ಮೇಲೊಂದು ಗಾಳಿ ತಡೆಯುವ ಜಾಕೆಟ್, ಕಾಲಿಗೆ ಸಾಕ್ಸ್ ಜೊತೆ ಶೂ ಬೇಕೇಬೇಕು.

ಆಕಾಶ ತಿಳಿಯಾಗಿ ಸಿಗೋದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಜೂನ್‌ನಲ್ಲೇ ಹೋಗಬೇಕಾದವರು ಟಿಕೆಟನ್ನು ವಾರಗಟ್ಟಲೆ ಮೊದಲೇ ಕೊಳ್ಳದೆ ಹಿಂದಿನ ದಿನ ಹವಾಮಾನ ನೋಡಿ ಕೊಂಡರೆ ವಾಸಿ. ಜೂನ್ ಕೊನೆಯಲ್ಲಿ ಸೂರ್ಯ ಮುಳುಗೋದು ರಾತ್ರಿ 8:35ರ ಆಸುಪಾಸು, ಡಿಸೆಂಬರ್‌ನಲ್ಲಿ ಐದಕ್ಕೂ ಮೊದಲೇ. ಸೂರ್ಯ ಮುಳುಗೋ ಕ್ಷಣಕ್ಕಿಂತ ಅದರ ನಂತರದ ಅರ್ಧ ಗಂಟೆ ಮುಖ್ಯ ಅಂತ ನಮ್ಮ ಅಭಿಪ್ರಾಯ. ಆಕಾಶ ಇನ್ನೂ ನೀಲಿ ಇರತ್ತೆ, ಕಟ್ಟಡಗಳ ದೀಪ ಹತ್ತಿರತ್ತೆ, ಕಟ್ಟಡದ ಆಕಾರವೂ ಕಾಣತ್ತೆ. ಪೂರ್ತಿ ಕತ್ತಲಾದ ಮೇಲೆ ಬರೀ ಕಿಟಕಿಗಳು. ಆ ಅರ್ಧ ಗಂಟೆ ನೀರಿನ ಮೇಲಿರುವ ಹಾಗೆ ಬೋಟು ಆರಿಸಿ.

ಹೊರಡೋಣ

ಬಹುತೇಕ ಬೋಟುಗಳು ಹೊರಡೋದು ಫಿಶರ್‌ಮನ್ಸ್ ವಾರ್ಫ್ ಕಡೆಯ ಪಿಯರ್‌ಗಳಿಂದ. ನಾವು ಸಾಮಾನ್ಯವಾಗಿ ಕ್ಯಾಲ್‌ಟ್ರೇನ್ ಹಿಡಿದು ಕೊನೆಯ ಸ್ಟೇಷನ್ನಿನಲ್ಲಿ ಇಳೀತೀವಿ. 2024ರ ಸೆಪ್ಟೆಂಬರಿನಿಂದ ವಿದ್ಯುತ್ ರೈಲುಗಳು ಬಂದ ಮೇಲೆ ವಾರಾಂತ್ಯದಲ್ಲೂ ಅರ್ಧ ಗಂಟೆಗೊಂದು ಗಾಡಿ ಇದೆ. ಅಲ್ಲಿಂದ ಎನ್ ಜೂಡಾ ಟ್ರಾಮ್, ಎಂಬಾರ್ಕಡೇರೊದಲ್ಲಿ ಇಳಿದು ಮೇಲೆ ಬಂದು ಎಫ್ ಲೈನಿನ ಹಳೇ ಟ್ರಾಮ್. ಕಿತ್ತಳೆ ಬಣ್ಣದ ಗಾಡಿ ಬಂದರೆ ಅದು ಇಟಲಿಯ ಮಿಲಾನಿನಿಂದ ತಂದದ್ದು. ಎಲ್ಲಕ್ಕೂ ಒಂದೇ ಕ್ಲಿಪ್ಪರ್ ಕಾರ್ಡು.

ಬೋಟು ಪಶ್ಚಿಮಕ್ಕೆ ಹೊರಡತ್ತೆ, ಊರು ಎಡಕ್ಕೆ ಇರತ್ತೆ. ವಾಪಸ್ ಬರುವಾಗ ಬಲಕ್ಕೆ. ಹೋಗುವಾಗ ಎಡಗಡೆ ಜಾಗ ಸಿಗದಿದ್ದರೂ ಬೇಜಾರಿಲ್ಲ, ಬರುವಾಗಿನ ನೋಟವೇ ದೊಡ್ಡದು. ಎಡಕ್ಕೆ ಸಮತಟ್ಟಾಗಿ ಕಾಣೋ ಬಡಾವಣೆ ಮರೀನಾ, ಅಲ್ಲಿ ಗುಮ್ಮಟದ ಕಟ್ಟಡ ಪ್ಯಾಲೇಸ್ ಆಫ್ ಫೈನ್ ಆರ್ಟ್ಸ್. 1915ರ ವಿಶ್ವ ಮೇಳಕ್ಕೆ ಕಟ್ಟಿದ್ದು. ಆ ಮೇಳಕ್ಕಾಗಿ ನೀರು ತುಂಬಿದ ಜಾಗಕ್ಕೆ ಮರಳು, ಕೆಸರು ಹಾಕಿ ನೆಲ ಮಾಡಿದ್ದರು. ಈ ಮಾತು ನೆನಪಿರಲಿ, ಮುಂದೆ ಬೇಕಾಗತ್ತೆ.

ಗೋಲ್ಡನ್ ಗೇಟ್ ಸೇತುವೆ ತೆರೆದದ್ದು 1937ರ ಮೇ 27ರಂದು. ಎರಡು ಗೋಪುರಗಳ ನಡುವೆ 1,280 ಮೀಟರ್, ಗೋಪುರದ ಎತ್ತರ 227 ಮೀಟರ್. 1964ರ ತನಕ ಇದಕ್ಕಿಂತ ಉದ್ದದ ತೂಗುಸೇತುವೆ ಲೋಕದಲ್ಲಿ ಇರಲಿಲ್ಲ. ನೌಕಾಪಡೆಯವರು ಹಡಗುಗಳಿಗೆ ಕಾಣಲಿ ಅಂತ ಕಪ್ಪು ಹಳದಿ ಪಟ್ಟೆ ಬಳಿಯಿರಿ ಅಂದಿದ್ದರಂತೆ. ಬಚಾವ್. "ಗೋಲ್ಡನ್" ಅನ್ನೋದು ಬಣ್ಣಕ್ಕೂ ಅಲ್ಲ, ಚಿನ್ನಕ್ಕೂ ಅಲ್ಲ: ಚಿನ್ನ ಸಿಗೋ ಎರಡು ವರ್ಷ ಮೊದಲೇ, 1846ರಲ್ಲಿ, ಜಾನ್ ಫ್ರಿಮಾಂಟ್ ಈ ನೀರಿನ ಬಾಗಿಲಿಗೆ ಆ ಹೆಸರಿಟ್ಟಿದ್ದ. ಎಂಜಿನಿಯರಿಂಗ್ ಓದೋ ನಾವು ಅಪ್ಪನಿಗೆ ಹೇಳಬೇಕಾದ ಹೆಸರು ಚಾರ್ಲ್ಸ್ ಎಲ್ಲಿಸ್. ಲೆಕ್ಕದ ಬಹುಪಾಲು ಮಾಡಿದವರು ಅವರು. ಮುಖ್ಯ ಎಂಜಿನಿಯರ್ ಜೋಸೆಫ್ ಸ್ಟ್ರಾಸ್ 1931ರಲ್ಲಿ ಅವರನ್ನು ಕೆಲಸದಿಂದ ತೆಗೆದರು, ಸೇತುವೆಯ ಮೇಲೆ ಹೆಸರೂ ಹಾಕಲಿಲ್ಲ. ಅವರ ಹೆಸರಿನ ಫಲಕ ಬಂದದ್ದು 2012ರಲ್ಲಿ. ಕಟ್ಟುವಾಗ ಕೆಳಗೆ ಬಲೆ ಕಟ್ಟಿದ್ದರಿಂದ 19 ಕೆಲಸಗಾರರು ಬದುಕಿದರು, 11 ಜನ ಸತ್ತರು.

ಎರಡು ದ್ವೀಪಗಳು

ತಿರುಗಿ ಬರುವಾಗ ಎಡಕ್ಕೆ ದೂರದಲ್ಲಿ ಹಸಿರಾಗಿ ಕಾಣೋ ದೊಡ್ಡ ದ್ವೀಪ ಏಂಜೆಲ್ ಐಲ್ಯಾಂಡ್. ಸ್ಪೀಕರಿನಲ್ಲಿ ಅದಕ್ಕೆ ಒಂದು ವಾಕ್ಯ ಸಿಕ್ಕರೆ ಹೆಚ್ಚು. ನಮಗೆ ಮಾತ್ರ ಅಲ್ಲಿ ನಿಲ್ಲಬೇಕು ಅನ್ನಿಸತ್ತೆ. 1910ರಿಂದ 1940ರ ತನಕ ಏಷ್ಯಾದಿಂದ ಹಡಗಿನಲ್ಲಿ ಬಂದವರನ್ನು ಊರಿಗೆ ಬಿಡುವ ಮೊದಲು ಇಳಿಸಿ, ಕೂಡಿ ಹಾಕಿ, ಪ್ರಶ್ನೆ ಮಾಡುತ್ತಿದ್ದ ಜಾಗ ಅದು. ಹೆಚ್ಚಿನವರು ಚೀನಾದವರು. ಅವರು ಮರದ ಗೋಡೆಗಳಲ್ಲಿ ಕೆತ್ತಿದ ಕವಿತೆಗಳು ಈಗಲೂ ಇವೆ. ಅವರ ಜೊತೆ ನಮ್ಮ ದೇಶದವರೂ ಇದ್ದರು, ಮುಖ್ಯವಾಗಿ ಪಂಜಾಬಿನವರು. ಎಷ್ಟೋ ಜನರನ್ನು ಅಲ್ಲಿಂದಲೇ ವಾಪಸ್ ಕಳಿಸಿದರು. 1917ರ ಕಾನೂನು ಭಾರತದಿಂದ ವಲಸೆ ಬರೋದನ್ನು ಬಹುತೇಕ ನಿಲ್ಲಿಸಿತು. 1946ರಲ್ಲಿ ಮತ್ತೆ ಬಾಗಿಲು ತೆರೆದಾಗ ಇಡೀ ಭಾರತಕ್ಕೆ ವರ್ಷಕ್ಕೆ 100 ಜನ ಅಂತ ಲೆಕ್ಕ. ಗದರ್ ಪತ್ರಿಕೆ 1913ರಲ್ಲಿ ಹೊರಟದ್ದೂ ಎದುರಿಗೆ ಕಾಣೋ ಈ ಊರಿನಿಂದಲೇ.

ನಾವೆಲ್ಲ ಏರ್‌ಪೋರ್ಟಿನಲ್ಲಿ ಐ-20 ಕಾಗದ ಹಿಡ್ಕೊಂಡು ಕ್ಯೂನಲ್ಲಿ ನಿಂತು, ಎದೆ ಡವಡವ ಅಂತಿರುವಾಗ ಐದು ನಿಮಿಷದ ಪ್ರಶ್ನೆಗೆ ಉತ್ತರ ಕೊಟ್ಟು ಬಂದವರು. ಅಮ್ಮನೂ ಮೊನ್ನೆ ಅದೇ ಕ್ಯೂನಲ್ಲಿ ನಿಂತಿದ್ದರು. ಈ ದ್ವೀಪದಲ್ಲಿ ಆ ಪ್ರಶ್ನೆಗಳು ವಾರಗಟ್ಟಲೆ, ಕೆಲವರಿಗೆ ತಿಂಗಳುಗಟ್ಟಲೆ ನಡೆದವು. ಅವರ ಹಾಸ್ಟೆಲಿನಂಥ ಕಟ್ಟಡ ಈಗ ಮ್ಯೂಸಿಯಂ. ಇನ್ನೊಂದು ದಿನ ಫೆರಿಯಲ್ಲಿ ಹೋಗಿ ನೋಡಬಹುದು.

ಹತ್ತಿರದ ಚಿಕ್ಕ ದ್ವೀಪ ಅಲ್ಕಟ್ರಾಸ್, ಆ "ಹಳೇ ಜೈಲು". 1934ರಿಂದ 1963ರ ತನಕ ಕೇಂದ್ರ ಸರ್ಕಾರದ ಜೈಲು. ಅದಕ್ಕೂ ಮೊದಲು, 1854ರಲ್ಲಿ, ಅಮೆರಿಕದ ಪಶ್ಚಿಮ ತೀರದ ಮೊದಲ ದೀಪಸ್ತಂಭ ಇಲ್ಲಿ ಬೆಳಗಿತು. ಬೋಟು ದ್ವೀಪವನ್ನು ಸುತ್ತು ಹಾಕಿದರೆ ದಕ್ಕೆಯ ಕಡೆಯ ಗೋಡೆಯಲ್ಲಿ ಕೆಂಪು ಅಕ್ಷರದಲ್ಲಿ "ಇಂಡಿಯನ್ಸ್ ವೆಲ್ಕಮ್" ಅಂತ ಕಾಣತ್ತೆ. ಅಪ್ಪ ಖುಷಿಯಾಗೋ ಮೊದಲೇ ಹೇಳಿಬಿಡಿ, ಅದು ನಮಗಲ್ಲ! 1969ರ ನವೆಂಬರಿನಲ್ಲಿ ಇಲ್ಲಿನ ಮೂಲನಿವಾಸಿಗಳು ಖಾಲಿ ಬಿದ್ದ ದ್ವೀಪವನ್ನು ತಮ್ಮದೆಂದು ಹಿಡಿದು 19 ತಿಂಗಳು ಅಲ್ಲೇ ಉಳಿದರು. ಆಗ ಬರೆದದ್ದು.

ಊರು ಎದುರಿಗೆ

ಈಗ ಬೋಟು ಊರಿಗೆ ಮುಖ ಮಾಡತ್ತೆ. ದೀಪಗಳು ಹತ್ತೋ ಹೊತ್ತು. ಎಡತುದಿಯಲ್ಲಿ ಬೇ ಬ್ರಿಡ್ಜ್, ಅದರ ಬಲಕ್ಕೆ ಎಲ್ಲಕ್ಕಿಂತ ಎತ್ತರದ ದುಂಡು ತಲೆಯ ಸೇಲ್ಸ್‌ಫೋರ್ಸ್ ಟವರ್, ಇನ್ನೂ ಬಲಕ್ಕೆ ಚೂಪಾದ ಟ್ರಾನ್ಸ್‌ಅಮೆರಿಕ ಪಿರಮಿಡ್, ಅದರ ಮುಂದಿನ ಗುಡ್ಡದ ಮೇಲೆ ಬಿಳೀ ಕಂಬದಂಥ ಕಾಯ್ಟ್ ಟವರ್.

ಪಿರಮಿಡ್ 1972ರದ್ದು, 260 ಮೀಟರ್. ಕೆಳಗಿನ ರಸ್ತೆಗೆ ಬೆಳಕು ಬೀಳಲಿ ಅಂತ ಮೇಲೆ ಹೋದಂತೆ ಸಣ್ಣ ಮಾಡಿದ್ದಾರೆ. 46 ವರ್ಷ ಅದೇ ಎತ್ತರದ್ದು. 2018ರಲ್ಲಿ 326 ಮೀಟರಿನ ಸೇಲ್ಸ್‌ಫೋರ್ಸ್ ಅದನ್ನು ಮೀರಿಸಿತು. ಅದರ ತುದಿಯಲ್ಲಿ ಕತ್ತಲಾದ ಮೇಲೆ ಮಸುಕಾಗಿ ಏನೋ ಅಲುಗಾಡಿದಂತೆ ಕಾಣತ್ತಲ್ಲ, ಅದು ಜಿಮ್ ಕ್ಯಾಂಬೆಲ್ ಅನ್ನೋ ಕಲಾವಿದರು 11,000 ಎಲ್‌ಇಡಿ ದೀಪಗಳಲ್ಲಿ ಮಾಡಿದ ಕೆಲಸ. ಇವೆರಡು ಎತ್ತರಗಳ ನಡುವೆ ಯಾಕೆ ಅಷ್ಟು ಅಂತರ? ಎಪ್ಪತ್ತರ ದಶಕದಲ್ಲಿ ಊರು ಮ್ಯಾನ್‌ಹಾಟನ್ ಥರ ಆಗ್ತಿದೆ ಅಂತ ಇಲ್ಲಿನ ಜನ ಜಗಳ ತೆಗೆದರು. 1985ರ ಯೋಜನೆ ಹಳೇ ಪೇಟೆಯಲ್ಲಿ ಎತ್ತರ ತಗ್ಗಿಸಿ, ಬೆಳವಣಿಗೆಯನ್ನು ಮಾರ್ಕೆಟ್ ಸ್ಟ್ರೀಟಿನ ದಕ್ಷಿಣಕ್ಕೆ ತಳ್ಳಿತು. ಹೊಸ ಎತ್ತರದ ಕಟ್ಟಡಗಳೆಲ್ಲ ಎಡಕ್ಕೆ ಗುಂಪಾಗಿರೋದು ಅದಕ್ಕೇ.

ನೀರಿನ ಮೇಲಿಂದ ಮಾತ್ರ ಸರಿಯಾಗಿ ಅರ್ಥವಾಗೋ ಸಂಗತಿ ಇನ್ನೊಂದಿದೆ. ಗುಡ್ಡಗಳನ್ನು ನೋಡಿ, ಆಮೇಲೆ ಗುಡ್ಡಗಳ ಮುಂದಿನ ಸಪಾಟು ನೆಲ ನೋಡಿ. ಎತ್ತರದ ಕಟ್ಟಡಗಳಲ್ಲಿ ಬಹಳಷ್ಟು ನಿಂತಿರೋದು ಆ ಸಪಾಟಿನಲ್ಲಿ. ಅದರ ದೊಡ್ಡ ಭಾಗ 1849ಕ್ಕೆ ಮೊದಲು ನೀರಾಗಿತ್ತು. ದಡ ಇದ್ದದ್ದು ಈಗಿನ ಮಾಂಟ್‌ಗೋಮರಿ ಸ್ಟ್ರೀಟಿನ ಹತ್ತಿರ. ಚಿನ್ನದ ಸುದ್ದಿ ಕೇಳಿ ಬಂದ ಹಡಗುಗಳ ನಾವಿಕರೂ ಗಣಿಗೆ ಓಡಿಹೋದರು, ನೂರಾರು ಹಡಗು ಅನಾಥವಾಗಿ ನಿಂತವು. ಕೆಲವನ್ನು ಗೋದಾಮು, ಲಾಡ್ಜ್ ಮಾಡಿಕೊಂಡರು. ಸುತ್ತ ಮರಳು, ಕಸ ಸುರಿದು ನೆಲ ಮಾಡಿದಾಗ ಹತ್ತಾರು ಹಡಗುಗಳು ಒಳಗೇ ಹೂತುಹೋದವು. 1978ರಲ್ಲಿ ಪಿರಮಿಡ್ ಪಕ್ಕದಲ್ಲಿ ಪಾಯ ತೋಡುವಾಗ ನಯಾಂಟಿಕ್ ಅನ್ನೋ ಹಡಗು ಸಿಕ್ಕಿತು. 1994ರಲ್ಲಿ ಟ್ರಾಮಿನ ಸುರಂಗ ತೋಡುವಾಗ ರೋಮ್ ಅನ್ನೋದು. ನಾವು ಕ್ಯಾಲ್‌ಟ್ರೇನ್ ಇಳಿದು ಬಂದ ಎನ್ ಜೂಡಾ ಇದೆಯಲ್ಲ, ಅದು ಆ ಹಡಗಿನ ಒಡಲನ್ನೇ ಹಾದು ಬರತ್ತೆ. ಈ ಒಂದು ವಿಷಯ ಹೇಳಿದ್ರೆ ಅಪ್ಪ ವಾಪಸ್ ಹೋಗುವಾಗ ಕಿಟಕಿ ಬಿಟ್ಟು ಏಳೋದಿಲ್ಲ.

ತುಂಬಿದ ನೆಲದ ಗುಣ ಏನು ಅಂತ ಮಲ್ಪೆ ಬೀಚಿನಲ್ಲಿ ಆಡಿದ ಯಾರಿಗಾದರೂ ಗೊತ್ತು. ಒದ್ದೆ ಮರಳಿನ ಮೇಲೆ ನಿಂತು ಪಾದ ಕುಲುಕಿದರೆ ಗಟ್ಟಿಯಿದ್ದ ಮರಳು ರಾಡಿಯಾಗಿ ಕಾಲು ಒಳಗೆ ಹೋಗತ್ತೆ. ಭೂಕಂಪದಲ್ಲಿ ಆಗೋದು ಅದೇ: ಮರಳಿನ ಕಣಗಳ ನಡುವಿನ ನೀರಿನ ಒತ್ತಡ ಏರಿ, ಕಣಗಳು ಒಂದಕ್ಕೊಂದು ಆತುಕೊಳ್ಳೋದು ತಪ್ಪಿ, ನೆಲವೇ ದ್ರವದ ಥರ ಆಗತ್ತೆ. 1906ರ ಏಪ್ರಿಲ್ 18ರ ಭೂಕಂಪ ಮತ್ತು ಬೆಂಕಿಯಲ್ಲಿ ಸುಮಾರು 28,000 ಕಟ್ಟಡ ಹೋದವು, ಮೂರು ಸಾವಿರಕ್ಕೂ ಹೆಚ್ಚು ಜನ ಸತ್ತರು. 1989ರ ಅಕ್ಟೋಬರ್ 17ರಂದು ಮತ್ತೆ ನಡುಗಿದಾಗ ಊರಿನಲ್ಲಿ ಹೆಚ್ಚು ಪೆಟ್ಟು ತಿಂದ ಬಡಾವಣೆಗಳಲ್ಲಿ ಆಗಲೇ ನೋಡಿದ ಆ ಮರೀನಾ ಒಂದು. ಭೂಕಂಪ ಇಲ್ಲದೆಯೂ ಕುಸಿದದ್ದಿದೆ. ಸೇಲ್ಸ್‌ಫೋರ್ಸ್ ಹತ್ತಿರದ 58 ಅಂತಸ್ತಿನ ಮಿಲೇನಿಯಮ್ ಟವರ್ 2009ರದ್ದು. ಅದರ ಕಂಬಗಳನ್ನು ಬಂಡೆಯ ತನಕ ಇಳಿಸದೆ ಮೇಲಿನ ಗಟ್ಟಿ ಮರಳಿನ ಪದರಕ್ಕೇ ನಿಲ್ಲಿಸಿದ್ದರು. ಅದು ಸುಮಾರು 16 ಇಂಚು ಕುಸಿದು ಓರೆಯಾಗಿದೆ ಅಂತ 2016ರಲ್ಲಿ ಜನರಿಗೆ ಗೊತ್ತಾಯಿತು. ಆಮೇಲೆ ಬಂಡೆಯ ತನಕ 18 ಹೊಸ ಕಂಬ ಇಳಿಸಿ ಹಿಡಿದು ನಿಲ್ಲಿಸಿದರು. ಬೋಟಿನಿಂದ ನೋಡಿದರೆ ಓರೆ ಕಾಣೋದಿಲ್ಲ, ಕಂಡಿತು ಅಂದವರನ್ನು ನಂಬಬೇಡಿ.

ಕಡಿಮೆ ದುಡ್ಡಿನ ದಾರಿ

ಇಷ್ಟೆಲ್ಲ ನೋಡೋಕೆ ಗೈಡ್ ಇರೋ ಬೋಟೇ ಬೇಕಾ? ಸೇತುವೆಯ ಕೆಳಗೆ ಹೋಗೋದಾದರೆ ಬೇಕು. ಬರೀ ಊರಿನ ದೀಪ ಸಾಕು ಅಂದ್ರೆ ಫೆರಿ ಬಿಲ್ಡಿಂಗಿನಿಂದ ಓಕ್‌ಲ್ಯಾಂಡಿಗೆ ಹೋಗುವ ಸಾರ್ವಜನಿಕ ಫೆರಿ ಇದೆ. ಕ್ಲಿಪ್ಪರ್ ಕಾರ್ಡಿನಲ್ಲಿ ಸುಮಾರು ಐದು ಡಾಲರ್. ಬೇ ಬ್ರಿಡ್ಜಿನ ಕೆಳಗೇ ಹಾದುಹೋಗತ್ತೆ. ಸಂಜೆ ಓಕ್‌ಲ್ಯಾಂಡಿನಿಂದ ಈ ಕಡೆ ಬರುವಾಗ ಇಡೀ ಊರು ಎದುರಿಗೆ ಬೆಳೀತಾ ಬರತ್ತೆ. ನಮ್ಮನ್ನು ಕೇಳಿದ್ರೆ ನೀವೊಬ್ಬರೇ ಇದ್ದಾಗ ಇದು, ಅಪ್ಪ ಅಮ್ಮ ಬಂದಾಗ ಅದು.

ಈ ಫೆರಿಯ ಕತೆ ಸಾಗರ ಕಡೆಯವರಿಗೆ ಪಟ್ ಅಂತ ಅರ್ಥವಾಗತ್ತೆ. 1898ರಲ್ಲಿ ಫೆರಿ ಬಿಲ್ಡಿಂಗ್ ತೆರೆದಾಗ ಕೊಲ್ಲಿಯ ಆಚೆಯ ದಡದಿಂದ ಬರೋರಿಗೆ ಊರಿನ ಹೆಬ್ಬಾಗಿಲು ಅದೇ. 1936ರಲ್ಲಿ ಬೇ ಬ್ರಿಡ್ಜ್, ಮರುವರ್ಷ ಗೋಲ್ಡನ್ ಗೇಟ್ ಬಂತು, ಲಾಂಚುಗಳು ಒಂದೊಂದಾಗಿ ನಿಂತವು. ಶರಾವತಿ ಹಿನ್ನೀರಿನ ಸಿಗಂದೂರು ಲಾಂಚಿಗೆ ಗಂಟೆಗಟ್ಟಲೆ ಕಾದವರು 2025ರ ಜುಲೈನಲ್ಲಿ ಸೇತುವೆ ತೆರೆದದ್ದನ್ನು ನೆನಪಿಸಿಕೊಳ್ಳಿ. ಇಲ್ಲಿ ಮಾತ್ರ ಲಾಂಚು ವಾಪಸ್ ಬಂತು. 1989ರ ಭೂಕಂಪಕ್ಕೆ ಬೇ ಬ್ರಿಡ್ಜಿನ ಒಂದು ತುಂಡು ಬಿದ್ದು ಒಂದು ತಿಂಗಳು ಮುಚ್ಚಿದಾಗ ಜನರನ್ನು ದಾಟಿಸೋಕೆ ಫೆರಿಗಳೂ ಬಂದವು. ಬಂದವು ಹಾಗೇ ಉಳಿದವು.

ಬೋಟಿನಲ್ಲಿ ತಿನ್ನೋಕೆ ಚಿಪ್ಸ್ ಬಿಟ್ಟು ನಮ್ಮವರಿಗೆ ಹೆಚ್ಚೇನೂ ಸಿಗಲ್ಲ. ಪುಳಿಯೋಗರೆ ಡಬ್ಬಿಯನ್ನು ಹತ್ತೋ ಮೊದಲೇ ಪಿಯರ್ ಹತ್ತಿರ ಮುಗಿಸಿ. ಸೀಗಲ್ ಹಕ್ಕಿಗಳು ಕೈಯಿಂದಲೇ ಕಿತ್ಕೊಂಡು ಹೋಗ್ತವೆ. ರಾತ್ರಿ ಕೊನೆಯ ರೈಲು ಎಷ್ಟಕ್ಕೆ ಅಂತ ಬೋಟು ಹತ್ತೋ ಮೊದಲೇ ನೋಡಿ ಇಟ್ಕೊಳ್ಳಿ.

ಅಷ್ಟು ದೂರ ಆಗಲ್ಲ ಅನ್ನೋರಿಗೆ

ಮಂಡಿನೋವಿನ ಅಜ್ಜಿ ಬಂದಿದ್ದಾರೆ, ಟ್ರಾಮ್ ಹತ್ತಿ ಇಳಿಯೋದು ಆಗಲ್ಲ ಅಂದ್ರೆ ಇದೇ ಕೊಲ್ಲಿಯ ದಕ್ಷಿಣದ ತುದಿ ನಮ್ಮ ಪಕ್ಕದಲ್ಲೇ ಇದೆ: ಅಲ್ವಿಸೊ, ಸಾಂಟಾ ಕ್ಲಾರಾದಿಂದ ಕಾರಿನಲ್ಲಿ ಹತ್ತು ಹದಿನೈದು ನಿಮಿಷ. ಸ್ಯಾನ್ ಹೋಸೆ ಏರ್‌ಪೋರ್ಟ್ ಪಕ್ಕದಲ್ಲಿ ನಾವು ದಿನಾ ದಾಟೋ ಗ್ವಾಡಲೂಪೆ ನದಿ ಕೊಲ್ಲಿ ಸೇರೋದು ಅಲ್ಲಿ. 1864ರಲ್ಲಿ ರೈಲು ಬರೋ ತನಕ ಈ ಕಣಿವೆಯವರು ಸ್ಯಾನ್ ಫ್ರಾನ್ಸಿಸ್ಕೋಗೆ ಹೋಗಲು ಸ್ಟೀಮರ್ ಹತ್ತುತ್ತಿದ್ದ ಬಂದರು ಅದು. 1853ರ ಏಪ್ರಿಲ್ 11ರಂದು ಅಲ್ಲಿಂದ ಹೊರಟ ಜೆನ್ನಿ ಲಿಂಡ್ ಅನ್ನೋ ಸ್ಟೀಮರಿನ ಬಾಯ್ಲರ್ ದಾರಿಯಲ್ಲಿ ಸಿಡಿದು ಮೂವತ್ತರಷ್ಟು ಜನ ಸತ್ತರು. ಆಮೇಲೆ ರೈಲು ಬಂದು ಬಂದರು ಸೊರಗಿತು.

ಅಲ್ಲಿ ನಿಂತರೆ ನೀರಿಗಿಂತ ಊರು ಕೆಳಗಿದೆ ಅನ್ನಿಸತ್ತೆ, ಅದು ನಿಜವೇ. ತೋಟಗಳಿಗೆ ಅಂತ ಬಾವಿಗಳಿಂದ ಅಂತರ್ಜಲ ಎತ್ತಿ ಎತ್ತಿ, 1910ರ ದಶಕದಿಂದ 1969ರ ಹೊತ್ತಿಗೆ ಸ್ಯಾನ್ ಹೋಸೆ ಪೇಟೆಯ ನೆಲ ಸುಮಾರು 13 ಅಡಿ ಕುಸಿಯಿತು, ಅಲ್ವಿಸೊ ಸಮುದ್ರಮಟ್ಟಕ್ಕಿಂತ ಕೆಳಗಿಳಿಯಿತು. ಹೊರಗಿನಿಂದ ನೀರು ತಂದು, ಕೆರೆಗಳಲ್ಲಿ ಇಂಗಿಸಿದ ಮೇಲೆ ಕುಸಿತ ನಿಂತಿತು. ಬೋರ್‌ವೆಲ್ ಮೇಲೆ ಬೋರ್‌ವೆಲ್ ಕೊರೆಸಿದ ಕೋಲಾರ, ಬೆಂಗಳೂರು ಕಡೆಯ ಅಜ್ಜಿಗೆ ಇದನ್ನು ವಿವರಿಸೋದು ಕಷ್ಟವಾಗೋದಿಲ್ಲ.

ಬೋಟು ಇಲ್ಲ, ಟಿಕೆಟ್ ಇಲ್ಲ. ಜೌಗಿನ ಮೇಲೆ ಹಲಗೆ ಹಾಸಿದ ದಾರಿ ಇದೆ, ಕೂರೋಕೆ ಬೆಂಚು ಇದೆ. ಸಂಜೆ ಹೋಗೋದಾದರೆ ಸೊಳ್ಳೆಗೆ ಏನಾದರೂ ಹಚ್ಚಿಕೊಂಡು ಹೋಗಿ.